ಮರೆವಾ, ಕಿವಿ ಮಂದವಾ? ಹಿಯರಿಂಗ್ ಏಡ್ ಮತ್ತು ಮಿದುಳಿನ ಬಗ್ಗೆ ತಿಳಿದವರು ಹೇಳಿ

ಸೀಬೆಮರ
ಎಲ್ಲರಿಗೂ ನಮಸ್ಕಾರ. ಮಿದುಳಿನ ಸಂಶೋಧನೆ ಅಂದರೆ ಈಗ ಎಲ್ಲರ ಬಾಯಲ್ಲೂ ಹೊಸ ಔಷಧಿಗಳದ್ದೇ ಮಾತು. ಅಲ್ಝೈಮರ್‌ಗೆ ಲೆಕಾನೆಮ್ಯಾಬ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಅದೇ ಕಾಯಿಲೆ ಪತ್ತೆಗೆ ನೆರವಾಗುವ ಮೊದಲ ರಕ್ತ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಲ್ಲಿ ಒಪ್ಪಿಗೆ ಬಂತು. ಎರಡೂ ದೊಡ್ಡ ವಿಷಯವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ.

ಅದರ ಪ್ರಕಾರ ನಾವು ಬದಲಾಯಿಸಬಹುದಾದ 14 ಅಪಾಯಗಳಿವೆ. ಅವನ್ನೆಲ್ಲ ಸರಿಮಾಡಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ (ನೆನಪು, ಬುದ್ಧಿಶಕ್ತಿ ಕುಗ್ಗುತ್ತಾ ಹೋಗುವ ಕಾಯಿಲೆ) ಸುಮಾರು 45% ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಪಾಲು ಎರಡಕ್ಕೆ. ಒಂದು ಕೆಟ್ಟ ಕೊಲೆಸ್ಟರಾಲ್, ಇನ್ನೊಂದು ಕಿವಿ ಕೇಳಿಸದಿರುವುದು. ತಲಾ 7%.

ಅಪ್ಪನಿಗೆ ಈಗ 74 ವರ್ಷ. ಹೇಳಿದ್ದನ್ನು ಮರೆಯುತ್ತಾರೆ, ಮದುವೆ ಮನೆಗೆ ಬಂದರೂ ಮೂಲೆಯ ಕುರ್ಚಿ ಹುಡುಕುತ್ತಾರೆ. ಟಿವಿ ಸದ್ದು ಬೀದಿಗೆ ಕೇಳಿಸುತ್ತದೆ. ಕೇಳಿದರೆ "ನನಗೆ ಚೆನ್ನಾಗಿಯೇ ಕೇಳಿಸುತ್ತೆ, ನೀವೇ ಗೊಣಗೊಣ ಮಾತಾಡ್ತೀರಿ" ಅನ್ನುತ್ತಾರೆ. ಇದು ಮಿದುಳಿನ ಸಮಸ್ಯೆಯಾ, ಕಿವಿಯದ್ದಾ? ಕಿವಿ ಮಿಷನ್ ಹಾಕಿಸಿದರೆ ಮರೆವು ನಿಜವಾಗಿ ನಿಲ್ಲುತ್ತದಾ?

ಮೈಸೂರು ಆಡಿಯಾಲಜಿಸ್ಟ್
ಸೀಬೆಮರ ಅವರೇ, ನೀವು ಬರೆದದ್ದು ನಮ್ಮ ಕ್ಲಿನಿಕ್ಕಿನಲ್ಲಿ ದಿನವೂ ಕೇಳುವ ಮಾತು. ಮೊದಲು ನಿಮ್ಮ ತಂದೆಯವರ ಮಾತಿಗೇ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ.

ವಯಸ್ಸಾದಂತೆ ಕಿವಿ ಪೂರ್ತಿ ಸದ್ದನ್ನು ಒಟ್ಟಿಗೆ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರದ ಸದ್ದು. ಒಳಕಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರ ಬಾಗಿಲ ಹತ್ತಿರದ ಕೂದಲುಕೋಶಗಳು ತೀಕ್ಷ್ಣ ಸದ್ದನ್ನು ಹಿಡಿಯುತ್ತವೆ, ಅವೇ ಮೊದಲು ಸಾಯುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಅ, ಉ, ಒ ಥರದ ಸ್ವರಾಕ್ಷರಗಳು ತಗ್ಗಿನ ಸದ್ದು. ಸ, ಶ, ತ, ಚ ಥರದ ವ್ಯಂಜನಗಳು ತೀಕ್ಷ್ಣ ಸದ್ದು. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಚೆನ್ನಾಗಿಯೇ ಕೇಳಿಸುತ್ತದೆ. ಹಾಲು ಅಂದರೋ, ಸಾಲು ಅಂದರೋ, ಕಾಲು ಅಂದರೋ ಮಾತ್ರ ತಿಳಿಯುವುದಿಲ್ಲ. ಎದುರಿನವರು ಗೊಣಗುತ್ತಿದ್ದಾರೆ ಅನ್ನಿಸುವುದು ಇದಕ್ಕೇ. ನಾವು ಕೂಗಿ ಹೇಳಿದಾಗ ಸ್ವರಗಳು ಇನ್ನೂ ಜೋರಾಗುತ್ತವೆ, ವ್ಯಂಜನ ಸ್ಪಷ್ಟವಾಗುವುದೇ ಇಲ್ಲ. ಆಗ ಅವರಿಗೆ "ಯಾಕೆ ಕಿರುಚ್ತೀರಿ" ಅನ್ನಿಸುತ್ತದೆ.

ಎರಡನೆಯದು, ಕಿವಿಗೆ ಬೀಳದ ಮಾತು ನೆನಪಿನಲ್ಲಿ ಉಳಿಯುವುದು ಹೇಗೆ? ನೀವು ಅಡುಗೆಮನೆಯಿಂದ "ನಾಳೆ ಗ್ಯಾಸ್ ಬರುತ್ತೆ" ಅಂದಿರುತ್ತೀರಿ. ಅವರು "ಹ್ಞೂಂ" ಅಂದಿರುತ್ತಾರೆ. ಮಾರನೇ ದಿನ ಅದು ಮರೆವಿನ ಲೆಕ್ಕಕ್ಕೆ ಸೇರುತ್ತದೆ. ಮರೆವಿನ ಪರೀಕ್ಷೆಯಲ್ಲೂ ಇದೇ ತೊಂದರೆ. ಪದಗಳನ್ನು ಬಾಯಲ್ಲಿ ಹೇಳಿ ಮತ್ತೆ ಹೇಳಿಸುವ ಪರೀಕ್ಷೆಗಳಲ್ಲಿ ಕಿವಿ ಮಂದ ಇದ್ದವರಿಗೆ ಅಂಕ ಸುಮ್ನೆ ಕಡಿಮೆ ಬರುತ್ತದೆ. ಆದ್ದರಿಂದ ನ್ಯೂರಾಲಜಿಸ್ಟ್ ಹತ್ತಿರ ಹೋಗುವ ಮುಂಚೆ, ಅಥವಾ ಅದರ ಜೊತೆಗೇ, ಪ್ಯೂರ್ ಟೋನ್ ಆಡಿಯೋಮೆಟ್ರಿ ಅನ್ನುವ ಕಿವಿ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿದೆಯಾ ನೋಡಿಸಿ. ಎಷ್ಟೋ ಜನಕ್ಕೆ ಅದನ್ನು ತೆಗೆಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಎರಡನೇ ಓದು
ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಆದರೆ ಮೂಲ ಪ್ರಶ್ನೆಯ ಕೊನೇ ಸಾಲು ಹಾಗೇ ಉಳಿಯಿತು. ಮಿಷನ್ ಹಾಕಿದರೆ ಡಿಮೆನ್ಷಿಯಾ ತಪ್ಪುತ್ತದಾ? ಇದಕ್ಕೆ ಯಾರಾದರೂ ಸೀದಾ "ಹೌದು" ಅಂದರೆ ನಂಬಬೇಡಿ.

ಕಿವಿ ಮಂದಕ್ಕೂ ಡಿಮೆನ್ಷಿಯಾಕ್ಕೂ ಇರುವ ಸಂಬಂಧ ಜೋರಾಗಿ ಚರ್ಚೆಗೆ ಬಂದದ್ದು 2011ರಲ್ಲಿ. ಜಾನ್ಸ್ ಹಾಪ್ಕಿನ್ಸ್‌ನ ಫ್ರಾಂಕ್ ಲಿನ್ ಮತ್ತು ಸಂಗಡಿಗರು ಬಾಲ್ಟಿಮೋರ್‌ನ ದೀರ್ಘ ಅಧ್ಯಯನವೊಂದರ 639 ಜನರ ಮಾಹಿತಿ ನೋಡಿದರು. ಕಿವಿ ಚೆನ್ನಾಗಿರುವವರಿಗೆ ಹೋಲಿಸಿದರೆ ಸ್ವಲ್ಪ ಮಂದ ಇದ್ದವರಿಗೆ ಡಿಮೆನ್ಷಿಯಾದ ಅಪಾಯ ಸುಮಾರು 2 ಪಟ್ಟು, ಮಧ್ಯಮ ಮಂದಕ್ಕೆ 3 ಪಟ್ಟು, ತೀವ್ರ ಮಂದಕ್ಕೆ ಸುಮಾರು 5 ಪಟ್ಟು ಕಂಡಿತು. ಇದು ಜೊತೆಜೊತೆಗೆ ಕಾಣುವ ಸಂಬಂಧ. ಒಂದರಿಂದ ಇನ್ನೊಂದು ಆಯಿತು ಅನ್ನುವುದಕ್ಕೆ ಇದೊಂದೇ ಸಾಲದು. ರಕ್ತನಾಳ ಹಾಳಾಗಿದ್ದರೆ ಕಿವಿ, ಮಿದುಳು ಎರಡೂ ಕೆಡಬಹುದಲ್ವಾ?

ಇನ್ನೊಂದು ಎಚ್ಚರಿಕೆ. 2023ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ಒಂದು ಲೇಖನ ಬಂತು. ಹಿಯರಿಂಗ್ ಏಡ್ ಹಾಕುವವರಿಗೆ ಡಿಮೆನ್ಷಿಯಾದ ಹೆಚ್ಚುವರಿ ಅಪಾಯ ಇಲ್ಲವೇ ಇಲ್ಲ ಅನ್ನುವಷ್ಟು ಚೆಂದದ ಫಲಿತಾಂಶ. ಎಲ್ಲ ಕಡೆ ಸುದ್ದಿಯಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಲೇಖನವನ್ನು ವಾಪಸ್ ಪಡೆದರು. ಕಂಪ್ಯೂಟರ್ ಲೆಕ್ಕದಲ್ಲಿ ಮಿಷನ್ ಹಾಕುವವರ ಗುಂಪು ಮತ್ತು ಹಾಕದವರ ಗುಂಪು ಅದಲುಬದಲಾಗಿತ್ತು! ವಾಪಸ್ ಪಡೆದ ಸುದ್ದಿ ಮೊದಲ ಸುದ್ದಿಯಷ್ಟು ಜನಕ್ಕೆ ತಲುಪಲಿಲ್ಲ. ಇವತ್ತಿಗೂ ಕೆಲವು ಜಾಹೀರಾತಿನಲ್ಲಿ ಅದರ ವಾಸನೆ ಇದೆ.

ಪುತ್ತೂರು ಮೇಷ್ಟ್ರು
ಹಾಗಾದರೆ ಮಾರಾಯ್ರೇ, ಚೀಟಿ ಎತ್ತಿ ಇವರಿಗೆ ಮಿಷನ್, ಇವರಿಗೆ ಇಲ್ಲ ಅಂತ ಸರಿಯಾದ ಪ್ರಯೋಗ ಯಾರೂ ಮಾಡಲೇ ಇಲ್ಲವಾ?

ಎರಡನೇ ಓದು
ಮಾಡಿದ್ದಾರೆ ಮೇಷ್ಟ್ರೇ. ನನ್ನ ಮಟ್ಟಿಗೆ ಈ ಇಡೀ ವಿಷಯದ ಹೃದಯ ಅದೇ. ಹೆಸರು ಅಚೀವ್. 2023ರ ಜುಲೈನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಮೆರಿಕದ ನಾಲ್ಕು ಕಡೆ, 70ರಿಂದ 84 ವಯಸ್ಸಿನ 977 ಜನ. ಎಲ್ಲರಿಗೂ ಕಿವಿ ಕಡಿಮೆಯಿಂದ ಮಧ್ಯಮ ಮಂದ, ಆದರೆ ಅದುವರೆಗೆ ಮಿಷನ್ ಹಾಕಿಲ್ಲ. ಡಿಮೆನ್ಷಿಯಾ ಇರಲಿಲ್ಲ. ಅರ್ಧ ಜನಕ್ಕೆ ಹಿಯರಿಂಗ್ ಏಡ್ ಕೊಟ್ಟು, ಬಳಸುವುದನ್ನೂ ಕಲಿಸಿದರು. ಇನ್ನರ್ಧ ಜನಕ್ಕೆ ಆರೋಗ್ಯದ ಬಗ್ಗೆ ಪಾಠ, ಸಲಹೆ. ಮೂರು ವರ್ಷ ಹಿಂಬಾಲಿಸಿದರು.

ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಮಾರುವವರು ಹೇಳುವುದಿಲ್ಲ.

ಆದರೆ ಆ 977 ಜನರಲ್ಲಿ ಎರಡು ಬಗೆಯವರಿದ್ದರು. 739 ಜನ ಹೊಸದಾಗಿ ತಾವಾಗಿ ಬಂದ ಆರೋಗ್ಯವಂತರು. ಉಳಿದ 238 ಜನ ಹೃದಯದ ಆರೋಗ್ಯಕ್ಕಾಗಿ ದಶಕಗಳಿಂದ ನಡೆಯುತ್ತಿದ್ದ ಹಳೇ ಅಧ್ಯಯನದಿಂದ ಬಂದವರು. ಇವರಿಗೆ ವಯಸ್ಸು ಜಾಸ್ತಿ, ಬಿಪಿ, ಶುಗರ್ ಥರದ ತೊಂದರೆ ಜಾಸ್ತಿ, ಬುದ್ಧಿಶಕ್ತಿ ಇಳಿಯುವ ವೇಗವೂ ಜಾಸ್ತಿ. ಈ ಗುಂಪಿನಲ್ಲಿ ಮಿಷನ್ ಹಾಕಿದವರಲ್ಲಿ ಆ ಇಳಿತ 48% ನಿಧಾನವಾಯಿತು. ಆರೋಗ್ಯವಂತರಲ್ಲಿ ಮೂರು ವರ್ಷದಲ್ಲಿ ಇಳಿಯುವುದೇ ಅಷ್ಟಕ್ಕಷ್ಟೇ. ಹಾಗಾಗಿ ಅವರಲ್ಲಿ ವ್ಯತ್ಯಾಸ ಕಾಣಲು ಮೂರು ವರ್ಷ ಸಾಲದೇ ಇರಬಹುದು.

ಒಂದು ಉಪಗುಂಪಿನ ಫಲಿತಾಂಶವನ್ನು ಕೈಗೆ ಸಿಕ್ಕ ಚಿನ್ನ ಅಂತ ಎತ್ತಿಕೊಳ್ಳಬಾರದು. ಆದರೆ ಈ ಹೋಲಿಕೆಯನ್ನು ಅವರು ಮೊದಲೇ ಯೋಜಿಸಿದ್ದರು, ಆಮೇಲೆ ಹುಡುಕಿದ್ದಲ್ಲ. ಅದಕ್ಕೆ ನಾನು ಇದಕ್ಕೆ ತೂಕ ಕೊಡುತ್ತೇನೆ. ಸೀಬೆಮರ ಅವರೇ, ನಿಮ್ಮ ತಂದೆಗೆ ಬಿಪಿ, ಶುಗರ್ ಇದೆಯಾ? ಇದ್ದರೆ ಈ ಫಲಿತಾಂಶ ಅವರಿಗೆ ಹತ್ತಿರದ್ದು.

ಸೀಬೆಮರ
ಎರಡೂ ಇದೆ. ಶುಗರ್ ಬಹಳ ವರ್ಷದಿಂದ.

ಕೋಲಾರ ಮಣ್ಣು
ನಮ್ಮ ಕಡೆಯ ವಿಷಯವನ್ನೂ ಸೇರಿಸುತ್ತೇನೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ. ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ ಎಲ್ಲ ಮಾಡುತ್ತಾರೆ. ಅಮೆರಿಕದ ಅಂಕಿ ಇಟ್ಟುಕೊಂಡು ನಮ್ಮ ರೈತರ ಮಿದುಳಿನ ಬಗ್ಗೆ ಎಷ್ಟು ದಿನ ಮಾತಾಡುವುದು? ಭಾರತದಲ್ಲಿ 60 ದಾಟಿದವರಲ್ಲಿ 7.4% ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಅದರಲ್ಲಿ ಎಷ್ಟು ಜನರ ಕಿವಿಯನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿರಬಹುದು? ನನಗೆ ಸಂಕಟ ಆಗುವುದು ಅಲ್ಲೇ. ಹಳ್ಳಿಯಲ್ಲಿ "ವಯಸ್ಸಾಯ್ತು ಬಿಡು" ಅನ್ನುವ ಒಂದೇ ಮಾತಿನಲ್ಲಿ ಕಣ್ಣು, ಕಿವಿ, ಹಲ್ಲು, ನೆನಪು ಎಲ್ಲ ಮುಗಿದುಹೋಗುತ್ತದೆ.

ಕೃಷ್ಣೆಯ ತೀರ
ನಮ್ಮ ಅತ್ತೆಯವರಿಗೆ ಮಿಷನ್ ತಂದದ್ದು ಪಟ್ಟಣದ ಒಂದು ಅಂಗಡಿಯಿಂದ. ಪರೀಕ್ಷೆ ಅಂತ ಏನೂ ಮಾಡಲಿಲ್ಲ. ಕಿವಿಗೆ ಇಟ್ಟರು, "ಕೇಳಿಸ್ತಾ ಅಜ್ಜಿ" ಅಂದರು, ದುಡ್ಡು ತೆಗೆದುಕೊಂಡರು. ಮನೆಗೆ ಬಂದ ಮೇಲೆ ಕುಕ್ಕರ್ ಸೀಟಿ ಹೊಡೆದರೆ ಅವರು ಬೆಚ್ಚಿಬೀಳುತ್ತಿದ್ದರು. ಪಾತ್ರೆ ಸದ್ದು, ಫ್ಯಾನಿನ ಸದ್ದು ಎಲ್ಲ ಜೋರು, ಮಾತು ಮಾತ್ರ ತಿಳಿಯದು. ಕಿವಿಯಲ್ಲಿ ಕುಯ್ಯ್ ಅಂತ ಬೇರೆ. ಈಗ ಅದು ಬೀರುವಿನಲ್ಲಿದೆ. ಇಷ್ಟೆಲ್ಲ ಸಂಶೋಧನೆ ಇದ್ದರೂ ಕೊನೆಗೆ ನಮಗೆ ಸಿಗುವುದು ಇದೇ ಅಲ್ವಾ ಅಂತ ಬೇಜಾರು.

ಮೈಸೂರು ಆಡಿಯಾಲಜಿಸ್ಟ್
ಅಕ್ಕಾ, ನಿಮ್ಮ ಬೇಜಾರು ನ್ಯಾಯವಾದದ್ದು. ಅತ್ತೆಯವರಿಗೆ ಸಿಕ್ಕಿದ್ದು ಬಹುಶಃ ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುವ ಪೆಟ್ಟಿಗೆ. ನಿಜವಾದ ಹಿಯರಿಂಗ್ ಏಡ್ ಹಾಗಲ್ಲ. ಆಡಿಯೋಗ್ರಾಮ್‌ನಲ್ಲಿ (ಕಿವಿ ಪರೀಕ್ಷೆಯ ವರದಿ) ತಗ್ಗಿನ, ತೀಕ್ಷ್ಣ ಸದ್ದುಗಳಲ್ಲಿ ಯಾವುದಕ್ಕೆ ಎಷ್ಟು ನಷ್ಟ ಅಂತ ಇರುತ್ತದೆ, ಅಷ್ಟಷ್ಟೇ ಏರಿಸುವಂತೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಮಾಡಬೇಕು. ಜೋರು ಸದ್ದಿಗೆ ಮಿತಿ ಇಡಬೇಕು. ಕುಯ್ಯ್ ಅನ್ನುವುದು ಕಿವಿಗೆ ಅಚ್ಚು ಸರಿಯಾಗಿ ಕೂತಿಲ್ಲ ಅನ್ನುವುದರ ಗುರುತು. ಕಿವಿಯ ಅಳತೆ ತೆಗೆದು ಮೋಲ್ಡ್ ಮಾಡಿಸಿದರೆ ನಿಲ್ಲುತ್ತದೆ. ಅದು ಪ್ರೋಗ್ರಾಮ್ ಮಾಡಬಹುದಾದ ಮಿಷನ್ ಆಗಿದ್ದರೆ ಬೀರುವಿನಿಂದ ತೆಗೆದು ಒಬ್ಬ ಆಡಿಯಾಲಜಿಸ್ಟ್‌ಗೆ ತೋರಿಸಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಸರಿಯಾದ ಮಿಷನ್ ಹಾಕಿದರೂ ಮೊದಲ ದಿನಗಳು ಕಷ್ಟವೇ. ಮಿದುಳು ಎಷ್ಟೋ ವರ್ಷದಿಂದ ಫ್ಯಾನಿನ ಸದ್ದು ಕೇಳಿಲ್ಲ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸುವ ಅಭ್ಯಾಸ ತಪ್ಪಿಹೋಗಿದೆ. ದಿನಕ್ಕೆ ಒಂದೆರಡು ಗಂಟೆ, ಮನೆಯಲ್ಲಿ ಒಬ್ಬರ ಜೊತೆ ಮಾತಾಡುವಾಗ ಹಾಕಿಸಿ. ಆಮೇಲೆ ಟಿವಿ, ಆಮೇಲೆ ದೇವಸ್ಥಾನ, ಕೊನೆಗೆ ಮದುವೆ ಮನೆ. ಬಹಳ ಜನ ಮೊದಲ ದಿನವೇ ಮದುವೆಗೆ ಹಾಕಿಕೊಂಡು ಹೋಗಿ, ವಾಲಗದ ಸದ್ದಿಗೆ ತಲೆನೋವು ಬಂದು, ಜನ್ಮಕ್ಕೆ ಬೇಡ ಅಂದುಬಿಡುತ್ತಾರೆ.

ಇನ್ನೊಂದು ವಿಷಯ. ಸೀಬೆಮರ ಅವರ ಅಪ್ಪ ಹೇಳಿದ "ನನಗೆ ಚೆನ್ನಾಗಿಯೇ ಕೇಳಿಸುತ್ತೆ" ಅನ್ನುವ ಮಾತಿನ ಬಗ್ಗೆಯೂ ಸಂಶೋಧನೆ ಇದೆ. 2025ರಲ್ಲಿ ಅಮೆರಿಕದ 2,946 ಹಿರಿಯರ ಮಾಹಿತಿ ಪ್ರಕಟವಾಯಿತು. ಆಡಿಯೋಮೆಟ್ರಿಯಲ್ಲಿ ಕಂಡ ಕಿವಿ ಮಂದಕ್ಕೂ ಡಿಮೆನ್ಷಿಯಾಕ್ಕೂ ನಂಟು ಸಿಕ್ಕಿತು. ಅವರವರೇ ಬಾಯಲ್ಲಿ ಹೇಳಿದ ಕಿವಿ ಮಂದಕ್ಕೆ ಆ ನಂಟು ಸಿಗಲಿಲ್ಲ. ನಿಧಾನವಾಗಿ ಕಡಿಮೆಯಾಗುವುದು ನಮಗೇ ಗೊತ್ತಾಗುವುದಿಲ್ಲ, ಹಾಗಾಗಿ ಕೇಳಿ ತಿಳಿಯುವ ಬದಲು ಅಳೆದೇ ತಿಳಿಯಬೇಕು.

ಸರ್ಕ್ಯೂಟ್ ಬೋರ್ಡ್
ತಂತ್ರಜ್ಞಾನದ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಇಲ್ಲಿ ನಿಜವಾಗಿ ಖುಷಿಪಡುವ ವಿಷಯ ಇದೆ.

ಗದ್ದಲದಲ್ಲಿ ಮಾತು ಹಿಡಿಯುವುದು ಹಿಯರಿಂಗ್ ಏಡ್‌ನ ಹಳೇ ತಲೆನೋವು. ಮೊದಲಿನವು ಒಂದು ದಿಕ್ಕಿನಿಂದ ಬರುವ ಸದ್ದನ್ನು ಏರಿಸಿ ಉಳಿದದ್ದನ್ನು ಇಳಿಸುತ್ತಿದ್ದವು. 2021ರಲ್ಲಿ ಓಟಿಕಾನ್ ಕಂಪನಿ ಡೀಪ್ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮ್) ಇರುವ ಮಿಷನ್ ತಂದಿತು. 1.2 ಕೋಟಿ ಸದ್ದಿನ ಸನ್ನಿವೇಶಗಳ ಮೇಲೆ ಅದನ್ನು ತರಬೇತಿ ಮಾಡಿದ್ದರು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಕಿವಿಯ ಹಿಂದೆ ಕೂರುವ ಇಷ್ಟು ಚಿಕ್ಕ ವಸ್ತು, ಅಷ್ಟು ಕಡಿಮೆ ಬ್ಯಾಟರಿಯಲ್ಲಿ, ತುಟಿ ಚಲನೆಗೆ ತಡವಾಗದಂತೆ ಕೆಲವೇ ಮಿಲಿಸೆಕೆಂಡಿನಲ್ಲಿ ಮಾತನ್ನೂ ಗದ್ದಲವನ್ನೂ ಬೇರೆ ಮಾಡಬೇಕು. ಇದು ಸಣ್ಣ ಸಾಧನೆಯಲ್ಲ.

ಇನ್ನೊಂದು ದಾರಿ ಮಾಮೂಲಿ ಇಯರ್‌ಫೋನ್. ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಡಾಕ್ಟರ ಚೀಟಿ ಇಲ್ಲದೆ ಹಿಯರಿಂಗ್ ಏಡ್ ಕೊಳ್ಳಬಹುದು. 2024ರ ಸೆಪ್ಟೆಂಬರ್‌ನಲ್ಲಿ ಆಪಲ್‌ನ ಏರ್‌ಪಾಡ್ಸ್ ಪ್ರೋ 2ರ ಸಾಫ್ಟ್‌ವೇರ್‌ಗೆ ಅಲ್ಲಿನ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಹಿಯರಿಂಗ್ ಏಡ್ ಅಂತ ಅನುಮತಿ ಕೊಟ್ಟಿತು. 18 ದಾಟಿದ, ಕಡಿಮೆಯಿಂದ ಮಧ್ಯಮ ಮಂದ ಇರುವವರಿಗೆ. ಫೋನಿನಲ್ಲೇ ಐದು ನಿಮಿಷದ ಪರೀಕ್ಷೆ.

ಮೊದಲಿಗೆ ಆ ಸೌಲಭ್ಯ ಭಾರತದಲ್ಲಿ ಇರಲಿಲ್ಲ. ಆಗ ಬೆಂಗಳೂರಿನ ಕೆಲವು ಹುಡುಗರು ಅಜ್ಜಿಗಾಗಿ ಏನು ಮಾಡಿದರು ಗೊತ್ತಾ? ಸುತ್ತಲಿನ ವೈಫೈ ಹೆಸರು ನೋಡಿ ತಾನು ಎಲ್ಲಿದ್ದೇನೆ ಅಂತ ಆ ಸಾಧನ ಊಹಿಸುತ್ತದೆ. ಇವರು ಅಲ್ಯೂಮಿನಿಯಂ ಫಾಯಿಲ್, ತಾಮ್ರದ ಜಾಲರಿ ಸುತ್ತಿ ಹೊರಗಿನ ಸಿಗ್ನಲ್ ಒಳಗೆ ಬರದ ಹಾಗೆ ಗೂಡು ಕಟ್ಟಿದರು. ಅದರೊಳಗೆ ಒಂದು ಸಣ್ಣ ಬೋರ್ಡಿನಿಂದ ಕ್ಯಾಲಿಫೋರ್ನಿಯಾದ ವೈಫೈ ಹೆಸರುಗಳನ್ನು ಪ್ರಸಾರ ಮಾಡಿದರು. ಸಾಧನ ತಾನು ಅಮೆರಿಕದಲ್ಲಿದ್ದೇನೆ ಅಂದುಕೊಂಡಿತು, ಸೌಲಭ್ಯ ತೆರೆಯಿತು. ಅಜ್ಜಿಯ ಕಿವಿಗಾಗಿ ಇಷ್ಟು ತಲೆ ಓಡಿಸಿದ್ದು ನೋಡಿ ನನಗೆ ಹೆಮ್ಮೆಯಾಯಿತು.

ಡಲ್ಲಾಸ್ ಕನ್ನಡಿಗ
ನಾನು ಆ ಆಪಲ್ ಇಯರ್‌ಫೋನನ್ನು ಇಲ್ಲಿ ಅಮ್ಮನಿಗೆ ಕೊಟ್ಟಿದ್ದೇನೆ. ಎದುರು ಕೂತು ಮಾತಾಡುವುದಕ್ಕೆ ಚೆನ್ನಾಗಿದೆ. ಆದರೆ ಬ್ಯಾಟರಿ ದಿನವಿಡೀ ಬರುವುದಿಲ್ಲ. ಅದು ಕಿವಿಯಲ್ಲಿದ್ದರೆ ಹಾಡು ಕೇಳುತ್ತಿದ್ದಾರೆ ಅಂದುಕೊಂಡು ಜನ ಮಾತಾಡಿಸುವುದೇ ಇಲ್ಲ. ಹೊಸಬರು ಮೊದಲ ಹೆಜ್ಜೆಯಾಗಿ ಬಳಸಬಹುದು. ಬೆಳಗಿನಿಂದ ರಾತ್ರಿವರೆಗೆ ಬೇಕು ಅಂದರೆ ಕಿವಿಯ ಹಿಂದೆ ಕೂರುವ ಮಿಷನ್ನೇ ಸರಿ.

ಪುತ್ತೂರು ಮೇಷ್ಟ್ರು
ಒಂದು ಅನುಮಾನ. ಕಿವಿಯಿಂದ ಮಿದುಳಿಗೆ ಹಾನಿ ಅಂದರೆ ದಾರಿ ಯಾವುದು?

ಎರಡನೇ ಓದು
ಮೂರು ದಾರಿಗಳನ್ನು ಶಂಕಿಸುತ್ತಾರೆ ಮೇಷ್ಟ್ರೇ, ಮೂರೂ ಒಟ್ಟಿಗೆ ಇರಬಹುದು. ಅರ್ಧ ಕೇಳಿಸಿದ ಮಾತನ್ನು ಊಹಿಸಿ ತುಂಬುವುದರಲ್ಲೇ ಮಿದುಳಿನ ಶಕ್ತಿ ಖರ್ಚಾಗುತ್ತದೆ, ನೆನಪಿಗೆ ಉಳಿಯುವುದು ಕಡಿಮೆ. ಎರಡನೆಯದು, ಸದ್ದು ಬಾರದಿದ್ದರೆ ಆ ಕೆಲಸಕ್ಕಿರುವ ಮಿದುಳಿನ ಭಾಗ ಬೇಗ ಕುಗ್ಗುತ್ತದೆ. ಸ್ಕ್ಯಾನಿನಲ್ಲಿ ಇದು ಕಂಡಿದೆ. ಮೂರನೆಯದು ನನಗೆ ಎಲ್ಲಕ್ಕಿಂತ ನಿಜ ಅನ್ನಿಸುವಂಥದ್ದು. ಜನ ಮಾತಿನಿಂದ ದೂರ ಸರಿಯುತ್ತಾರೆ. ಮದುವೆ ಮನೆಯ ಮೂಲೆಯ ಕುರ್ಚಿ ಅದೇ. ಅಚೀವ್ ಪ್ರಯೋಗದ ಜನರನ್ನೇ ನೋಡಿ 2025ರಲ್ಲಿ ಇನ್ನೊಂದು ಫಲಿತಾಂಶ ಬಂತು. ಮಿಷನ್ ಹಾಕಿದವರು ಮೂರು ವರ್ಷದಲ್ಲಿ ತಮ್ಮ ಒಡನಾಟದ ಬಳಗದಲ್ಲಿ ಇತರರಿಗಿಂತ ಸರಾಸರಿ ಒಬ್ಬರನ್ನು ಹೆಚ್ಚು ಉಳಿಸಿಕೊಂಡಿದ್ದರು. ಒಬ್ಬರು ಅಂದರೆ ಕಡಿಮೆ ಅನ್ನಿಸಬಹುದು. ಎಪ್ಪತ್ತೈದು ವಯಸ್ಸಿನಲ್ಲಿ ದಿನಾ ಮಾತಾಡಲು ಒಬ್ಬರು ಇರುವುದು ಎಷ್ಟು ದೊಡ್ಡದು ಅಂತ ನಮ್ಮ ಹಿರಿಯರನ್ನೇ ಕೇಳಿ.

ಮಾತಿನ ಬಲದ ಬಗ್ಗೆ ನಮ್ಮ ದೇಶದ್ದೇ ಒಂದು ಕೆಲಸ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು.

ಕೋಲಾರ ಮಣ್ಣು
ಕನ್ನಡ, ತೆಲುಗು ಎರಡೂ ಆಡುವ ನಮ್ಮ ಊರಿನವರಿಗೆ ಇದು ಒಳ್ಳೇ ಸುದ್ದಿ!

ಕೃಷ್ಣೆಯ ತೀರ
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಒಳ್ಳೆಯ ಮಿಷನ್ ಒಂದು ಕಿವಿಗೇ ಹತ್ತಾರು ಸಾವಿರ ಹೇಳುತ್ತಾರೆ. ಸರ್ಕಾರದಿಂದ ಏನಾದರೂ ಇದೆಯಾ?

ಮೈಸೂರು ಆಡಿಯಾಲಜಿಸ್ಟ್
ಇದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕೊಡುತ್ತಾರೆ, ಆದರೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಕಾನೂನಿನಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂದರೆ ಅಚೀವ್ ಪ್ರಯೋಗದಲ್ಲಿದ್ದ ಬಹಳಷ್ಟು ಜನರಂಥವರು, ಮಿದುಳಿಗಾಗಿ ಬೇಗ ಮಿಷನ್ ಹಾಕಬೇಕಾದವರು, ಇಲ್ಲಿ ಹೊರಗೇ ಉಳಿಯುತ್ತಾರೆ. ಈ ನಿಯಮ ಬದಲಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 60 ದಾಟಿದ ಬಿಪಿಎಲ್ ಕುಟುಂಬದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಊರುಗೋಲು, ಕನ್ನಡಕ, ಹಲ್ಲುಸೆಟ್ಟಿನ ಜೊತೆ ಹಿಯರಿಂಗ್ ಏಡ್ ಕೂಡ ಶಿಬಿರದಲ್ಲಿ ಕೊಡುತ್ತಾರೆ. ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇದೇ ಕೆಲಸ. ದೂರದ ಊರಿನವರು ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಿ.

ಕಾಲೇಜು ಮಕ್ಕಳು ಯಾರಾದರೂ ಓದುತ್ತಿದ್ದರೆ ನಿಮಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು. 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಬಸ್ಸಿನಲ್ಲಿ ಇಂಜಿನ್ ಸದ್ದು ಮೀರಿಸಲು ಇಯರ್‌ಫೋನ್ ಏರಿಸುತ್ತೀರಲ್ಲ, ಅಲ್ಲಿ ಜೋಪಾನ.

ಸೀಬೆಮರ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಗುಗ್ಗೆ ನೋಡಿಸುವುದು, ಆಮೇಲೆ ಆಡಿಯೋಮೆಟ್ರಿ, ಆ ವರದಿ ಹಿಡಿದು ನೆನಪಿನ ಪರೀಕ್ಷೆ. ಬಿಪಿ, ಶುಗರ್ ಮಾತ್ರೆ ತಪ್ಪದಂತೆ ನೋಡುವುದೂ ಇದರದ್ದೇ ಭಾಗ ಅಂತ ಅರ್ಥವಾಯಿತು. ಅಪ್ಪನ ಹತ್ತಿರ ಡಿಮೆನ್ಷಿಯಾ ಅನ್ನುವ ಪದ ಎತ್ತುವುದಿಲ್ಲ. ಮೊಮ್ಮಗಳ ಮಾತು ಸರಿಯಾಗಿ ಕೇಳಬೇಕು ಅಂತ ಅವರಿಗೂ ಆಸೆ ಇದೆ, ಅದನ್ನೇ ಹೇಳುತ್ತೇನೆ. ಕೊನೆಯ ಪ್ರಶ್ನೆ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಿಷನ್ ಉಳಿಯುತ್ತದಾ?

ಮೈಸೂರು ಆಡಿಯಾಲಜಿಸ್ಟ್
ಉಳಿಯುತ್ತದೆ, ಸ್ವಲ್ಪ ಆರೈಕೆ ಬೇಕು. ರಾತ್ರಿ ತೆಗೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಜೆಲ್ ಮಣಿಗಳ ಬಣ್ಣ ಬದಲಾದರೆ ಹೊಸದು ಹಾಕಿ. ಬ್ಯಾಟರಿಯನ್ನು ಮಾತ್ರ ಆ ಡಬ್ಬಿಯಲ್ಲಿ ಇಡಬೇಡಿ, ಬೇಗ ಒಣಗಿ ಹಾಳಾಗುತ್ತದೆ. ಝಿಂಕ್ ಏರ್ ಬ್ಯಾಟರಿ ಗಾಳಿಯಿಂದ ಕೆಲಸ ಮಾಡುತ್ತದೆ, ಆದ್ದರಿಂದ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ. ಒಲೆಯ ಹತ್ತಿರ, ಹಂಡೆಯ ಹತ್ತಿರ ಇಟ್ಟು ಒಣಗಿಸಬೇಡಿ. ಪರೀಕ್ಷೆಯ ದಿನ ಮೊಮ್ಮಗಳನ್ನೂ ಕರೆತನ್ನಿ. ಮಿಷನ್ ಹೊಂದಿಸುವಾಗ ಅವಳ ಕೈಲೇ ಮಾತಾಡಿಸಿದರೆ ನಮಗೂ ಸರಿಯಾದ ಅಳತೆ ಸಿಗುತ್ತದೆ. ಮಕ್ಕಳ ದನಿ ತೀಕ್ಷ್ಣ, ಅಜ್ಜಂದಿರಿಗೆ ಹಿಡಿಯಲು ಕಷ್ಟವಾಗುವುದು ಅದೇ.